ಐದೂವರೆ ಆಂಪಿಯರ್ ಗಾಳಿ

ನಡೆದದ್ದನ್ನು ನಡೆದ ಹಾಗೇ ಹೇಳುವುದಾದರೆ, ಆ ಭಾನುವಾರ ಬೆಳಿಗ್ಗೆ ಗಾಳಿ ಇರಲಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಇನ್ನು ಸ್ವಲ್ಪ ಹೊತ್ತಿಗೆ ಗಾಳಿಯಂತ್ರ ತಿರುಗುತ್ತದೆ, ಆಗ ಇದೆಲ್ಲ ಬರೀ ಗಾಳಿಮಾತು ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಬೀದಿ ತುದಿಯ ಬೇಕರಿಯ ಕೊಳವೆಯಿಂದ ಎದ್ದ ಹೊಗೆ, ಯಾರೋ ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಅವನು ತಾರಸಿಯ ಮೇಲೆ ಒದ್ದೆ ಬಟ್ಟೆ ಹಿಡಿದು ಸೋಲಾರ್ ಪ್ಯಾನಲ್ಲುಗಳ ಮೇಲಿನ ಪಾರಿವಾಳದ ಹಿಕ್ಕೆ ಒರೆಸುತ್ತಿದ್ದ. ಆರು ಪ್ಯಾನಲ್ಲು. ಆರನ್ನೂ ಅವನೇ ಹೊತ್ತು ತಂದು, ಅವನೇ ಚೌಕಟ್ಟು ಕೊರೆದು, ಅವನೇ ಬೋಲ್ಟು ಬಿಗಿದದ್ದು. ಪಾರಿವಾಳಗಳು ಮಾತ್ರ ಯಾರೂ ಕರೆಯದೆ ಬಂದವು. ಇಡೀ ಬೀದಿಯಲ್ಲಿ ಇಷ್ಟೊಂದು ತಾರಸಿಗಳಿರುವಾಗ ಅವಕ್ಕೆ ಇದೇ ಆಗಬೇಕಿತ್ತು. ಒರೆಸಿದ ಕಡೆಯೇ ಮತ್ತೆ ಬಂದು ಕೂರುವ ಒಂದು ಬೂದು ಪಾರಿವಾಳವಂತೂ, ಅವನು ಬಟ್ಟೆ ಬೀಸಿದರೆ ಎರಡು ಹೆಜ್ಜೆ ಸರಿದು, ಕುತ್ತಿಗೆ ಓರೆ ಮಾಡಿ, ಅತ್ತೆ ನೋಡುವ ಹಾಗೇ ನೋಡುತ್ತಿತ್ತು. ಏನೂ ಹೇಳದೆ, ಕಾಯುವವರ ಹಾಗೆ.

ಅತ್ತೆ ಹನ್ನೊಂದು ಗಂಟೆಗೆ ಮಗನ ಮನೆಗೆ ಹೊರಡುತ್ತಿದ್ದರು. ಭಾವಮೈದ ಗಾಡಿ ತರುತ್ತೇನೆಂದು ಹೇಳಿದ್ದು ಹನ್ನೊಂದಕ್ಕೆ; ಮನೆಯಲ್ಲೇ ಕರೆಂಟು ಮಾಡಿಕೊಳ್ಳುವ ಹವ್ಯಾಸಿಗಳ ಸ್ವಂತ ವಿದ್ಯುತ್ ಕೂಟದವರು ಅವನ ಗಾಳಿಯಂತ್ರ ನೋಡಲು ಬರುತ್ತೇವೆಂದು ಹೇಳಿದ್ದೂ ಹನ್ನೊಂದಕ್ಕೇ. ಜಗತ್ತಿನಲ್ಲಿ ಗಂಟೆಗಳಿಗೇನು ಬರವೇ ಎಂದು ಅವನಿಗೆ ರೇಗಿತ್ತು. ಆದರೆ ಹತ್ತಕ್ಕೋ ಹನ್ನೆರಡಕ್ಕೋ ಬದಲಿಸಿ ಎಂದು ಇಬ್ಬರಲ್ಲಿ ಯಾರಿಗೂ ಅವನು ಹೇಳಲಿಲ್ಲ. ಅತ್ತೆಯ ಮಗನಿಗೆ ಹೇಳಿದರೆ ‘ಯಾಕೆ ಭಾವ, ಬೇಗ ಕಳಿಸಬೇಕಾ?’ ಎನ್ನುತ್ತಿದ್ದ. ಕೂಟದವರಿಗೆ ಹೇಳಿದರೆ ಮನೆಯಲ್ಲಿ ಏನು ವಿಶೇಷ ಎಂದು ಕೇಳುತ್ತಿದ್ದರು. ವಿಶೇಷವೇನಿಲ್ಲ, ನನ್ನ ಅತ್ತೆ ನನ್ನ ಕರೆಂಟು ಕದಿಯುತ್ತಾರೆ, ಅಷ್ಟೇ.

ಹಾಗೆ ಅವನು ಯಾರಿಗೂ ಹೇಳಿರಲಿಲ್ಲ, ಅಂದರೆ ಆ ಮಾತುಗಳಲ್ಲಿ ಹೇಳಿರಲಿಲ್ಲ. ವಾರದ ಆರು ದಿನ ಕನ್ನಡಕದ ಅಂಗಡಿಯ ಕತ್ತಲೆ ಕೋಣೆಯಲ್ಲಿ ಕೂತು, ಕಂಡವರ ಕಣ್ಣ ಮುಂದೆ ಗಾಜು ಬದಲಿಸುತ್ತ, ‘ಇದು ಸ್ಪಷ್ಟವೋ, ಇದಕ್ಕಿಂತ ಇದು ಸ್ಪಷ್ಟವೋ’ ಎಂದು ಕೇಳುವ ಕೆಲಸ ಅವನದು. ಜನ ಉತ್ತರ ಹೇಳುವಾಗ ಎಷ್ಟು ಹೆದರುತ್ತಾರೆಂಬುದು ಅವನಿಗೆ ಗೊತ್ತು. ತಪ್ಪು ಹೇಳಿದರೆ ಕಣ್ಣೇ ಹೋದೀತೆಂಬ ಹಾಗೆ, ಅವನ ಮುಖ ನೋಡಿ ಉತ್ತರ ಹುಡುಕುತ್ತಾರೆ. ಆ ಕುರ್ಚಿಯಲ್ಲಿ ಕೂತು ಅವನ ಮುಖ ನೋಡದೆ ಉತ್ತರ ಹೇಳಿದವರು ಅತ್ತೆ ಒಬ್ಬರೇ. ‘ಎರಡೂ ಒಂದೇ. ಸುಮ್ನೆ ಗಾಜು ತಿರುಗಿಸ್ಬೇಡಿ,’ ಅಂದಿದ್ದರು, ಪಕ್ಕದಲ್ಲಿ ಅಂಗಡಿಯ ಮಾಲೀಕರು ನಿಂತಿರುವಾಗಲೇ. ಎರಡೂ ಒಂದೇ ಆಗಿದ್ದದ್ದು ನಿಜ, ಅವನು ಮರೆತು ಅದೇ ಗಾಜನ್ನೇ ಮತ್ತೆ ಹಾಕಿದ್ದ. ಸರಿಯಾಗಿರುವವರ ಜೊತೆ ಬದುಕುವುದರಷ್ಟು ಕಷ್ಟ ಇನ್ನೊಂದಿಲ್ಲ.

ಬಕೆಟ್ಟಿನ ನೀರಲ್ಲಿ ಬಟ್ಟೆ ಹಿಂಡುತ್ತ ಅವನು ಕಟಾಂಜನದ ಮೂಲೆಯ ಕಂಬದತ್ತ ನೋಡಿದ. ಆಳೆತ್ತರಕ್ಕಿಂತ ಒಂದು ಮೊಳ ಮೇಲೆ ಗಾಳಿಯಂತ್ರ ತಿರುಗುತ್ತಿತ್ತು. ನೀರಿನ ಕೊಳವೆ ಸೀಳಿ ಉಜ್ಜಿ ಮಾಡಿದ ಮೂರು ಬಿಳಿ ರೆಕ್ಕೆ, ಹಿಂದೆ ಹಳೇ ಡಬ್ಬದ ತಗಡಿನ ಬಾಲ, ನಡುವೆ ಹೆಂಡತಿಯ ಟ್ರೆಡ್‌ಮಿಲ್ಲಿನ ಮೋಟಾರು. ಮೋಟಾರಿಗೆ ಕರೆಂಟು ಕೊಟ್ಟರೆ ಅದು ತಿರುಗುತ್ತದೆ. ಅದನ್ನೇ ಗಾಳಿ ತಿರುಗಿಸಿದರೆ ಅದು ಕರೆಂಟು ಕೊಡುತ್ತದೆ. ಇದನ್ನು ಅವನು ಕೈಯಲ್ಲಿ ತಿರುಗಿಸಿ, ಒಂದು ಪುಟ್ಟ ಬಲ್ಬು ಉರಿಸಿ, ಮನೆಯವರಿಗೆಲ್ಲ ತೋರಿಸಿದ್ದ. ‘ಎರಡು ವರ್ಷ ಅದರ ಮೇಲೆ ನಡೆದೆ. ಎಲ್ಲಿಗೂ ಹೋಗಿ ಮುಟ್ಟಲಿಲ್ಲ,’ ಎಂದಿದ್ದಳು ಹೆಂಡತಿ. ‘ಈಗ ಅದು ತಿರುಗಿ ತಿರುಗಿ ನಿಮ್ಮನ್ನ ಎಲ್ಲಿಗೆ ಮುಟ್ಟಿಸುತ್ತೆ ನೋಡೋಣ.’ ಬಲ್ಬು ಉರಿದಾಗ ಎಲ್ಲರಿಗಿಂತ ಮೊದಲು ಬಗ್ಗಿ ನೋಡಿದವರು ಅತ್ತೆ. ನೋಡಿ, ‘ಈ ಬೆಸುಗೆ ಒಣಗಿದೆ, ಬಿಟ್ಟುಕೊಳ್ಳುತ್ತೆ,’ ಅಂದರು. ಅವರ ಯಜಮಾನರದು ರೇಡಿಯೋ ರಿಪೇರಿ ಅಂಗಡಿ. ಮೂವತ್ತು ವರ್ಷ ಅವರ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ತಂತಿ ಸುತ್ತಿದವರು ಅವರು. ಬೆಸುಗೆ ಹಾಕುವ ಕಬ್ಬಿಣವನ್ನು ಅವನಿಗೆ ಕೊಟ್ಟವರೂ ಅವರೇ. ಬೆಸುಗೆ ಮರುದಿನವೇ ಬಿಟ್ಟುಕೊಂಡಿತು. ಅವನು ಯಾರಿಗೂ ಕಾಣದ ಹಾಗೆ ಮತ್ತೆ ಹಾಕಿದ. ಆದರೆ ಆ ಮನೆಯಲ್ಲಿ ಸುಟ್ಟ ಬೆಸುಗೆಯ ವಾಸನೆ ಯಾರ ಮೂಗಿಗೆ ಗುರುತು ಸಿಗುವುದಿಲ್ಲವೋ ಅವರು ಮಾತ್ರ ಮೋಸ ಹೋದರು.

ಯಂತ್ರ ಕಂಬಕ್ಕೇರಿ ಮೂರು ವಾರ ನಿಂತೇ ಇತ್ತು. ರೆಕ್ಕೆ ಒಮ್ಮೆ ಅರ್ಧ ಸುತ್ತು ಬಂದು, ಏನೋ ಮರೆತವರ ಹಾಗೆ ಹಿಂದಕ್ಕೆ ಹೋಗಿತ್ತು. ಊಟದ ತಟ್ಟೆ ಹಿಡಿದು ಮೇಲೆ ಬಂದು ಅವನು ಅದನ್ನೇ ನೋಡುತ್ತ ಕೂರುತ್ತಿದ್ದ. ತುತ್ತು ಬಾಯಿಗೆ ಹೋಗುತ್ತಿತ್ತೋ ಕಿವಿಗೋ. ಭಾವಮೈದ ಬಂದಾಗಲೆಲ್ಲ ಅದಕ್ಕೊಂದು ಗಾಯನ ನಡೆಯುತ್ತಿತ್ತು. ಅವನು ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳುವವನು, ಯಾವ ದನಿಯನ್ನಾದರೂ ಎತ್ತಿಕೊಂಡು ಬಂದುಬಿಡುತ್ತಾನೆ. ಮೂಗಿನಿಂದ, ‘ಪ್ರಯಾಣಿಕರ ಗಮನಕ್ಕೆ, ಗಾಳಿ ಎಕ್ಸ್‌ಪ್ರೆಸ್ ಅನಿರ್ದಿಷ್ಟ ಕಾಲ ತಡವಾಗಿ ಬರಲಿದೆ, ಅಡಚಣೆಗಾಗಿ ವಿಷಾದಿಸುತ್ತೇವೆ,’ ಎನ್ನುತ್ತಿದ್ದ. ಅದಕ್ಕಿಂತ ಕೆಟ್ಟದ್ದು, ಬ್ಯಾಟರಿ ಇಳಿದಾಗ ಇನ್ವರ್ಟರ್ ಕಿರುಚುವ ಕೀಂ ಕೀಂ ಅವನಿಗೆ ಬಾಯಿಪಾಠವಾಗಿತ್ತು. ತುಟಿ ಅಲುಗಿಸದೆ, ಪೇಪರು ಓದುತ್ತಲೇ ಅದನ್ನು ಹೊರಡಿಸುತ್ತಿದ್ದ. ಭಾವ ಎದ್ದು ಮೆಟ್ಟಿಲು ಹತ್ತುತ್ತಿದ್ದ. ಮೇಲೆ ಹೋಗಿ ನೋಡಿದರೆ ಇನ್ವರ್ಟರ್ ಮಗುವಿನ ಹಾಗೆ ಮಲಗಿರುತ್ತಿತ್ತು. ‘ಸೋಲಾರ್ ಅನ್ನೋದ್ರಲ್ಲೇ ಸೋಲು ಇದೆಯಲ್ಲ ಭಾವ, ಹೆಸರು ಇಟ್ಟೋರು ತಿಳಿದೋರೇ.’ ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆಯುವ ಹಾಗೆ.

ಆಮೇಲೆ ಒಂದು ಮಧ್ಯಾಹ್ನ ಅದು ತಿರುಗಿತು. ಅಂಗಡಿಯಿಂದ ಊಟಕ್ಕೆ ಬಂದವನು ಬೀದಿಯ ತಿರುವಿನಲ್ಲೇ ನೋಡಿದ್ದ, ತಮ್ಮ ತಾರಸಿಯ ಮೂಲೆಯಲ್ಲಿ ಮೂರು ರೆಕ್ಕೆಗಳು ಕರಗಿ ಒಂದು ಬಿಳಿ ತಟ್ಟೆಯಾಗಿದ್ದನ್ನು. ಮೈಮೇಲೆ ಗಾಳಿ ಸೋಕುತ್ತಿರಲಿಲ್ಲ, ಅಂಗಿ ಬೆನ್ನಿಗೆ ಅಂಟಿತ್ತು. ಆದರೂ ತಿರುಗುತ್ತಿತ್ತು. ಓಡಿ ಮೇಲೆ ಹೋಗಿ ಕಂಬದ ಬುಡದಲ್ಲಿನ ಮೀಟರು ನೋಡಿದರೆ ಐದೂವರೆ ಆಂಪಿಯರು. ಆ ಕೆಂಪು ಅಂಕಿಗಳನ್ನು ಕಂಡಾಗ ಅವನಿಗೆ ಆದದ್ದನ್ನು ಸಂತೋಷ ಎಂದರೆ ಸಾಲದು. ಬಹಳ ವರ್ಷ ಯಾರೋ ತನ್ನ ಮಾತು ಕೇಳುತ್ತಿಲ್ಲವೆಂದುಕೊಂಡಿದ್ದವನಿಗೆ, ಇಲ್ಲ, ಕೇಳುತ್ತಿದ್ದೆ, ಎಂದು ಉತ್ತರ ಬಂದ ಹಾಗಾಗಿತ್ತು. ಸಂಜೆ ಬೇಕರಿಯಿಂದ ಸಿಹಿ ತಂದು ಮನೆಯವರಿಗೆಲ್ಲ ಹಂಚಿದ. ಅತ್ತೆ ತಮ್ಮ ಪಾಲನ್ನು ಕೈಯಲ್ಲಿ ಹಿಡಿದು ಅವನನ್ನೇ ನೋಡಿದರು, ಏನೋ ಹೇಳಲು ಬಾಯಿ ತೆರೆದರು. ‘ಏನತ್ತೆ?’ ಎಂದ. ‘ಏನಿಲ್ಲ. ಚೆನ್ನಾಗಿದೆ,’ ಎಂದರು. ಅವನು ಕೂಟದ ಪತ್ರಿಕೆಗೆ ಎರಡು ಪುಟ ಬರೆದ: ನೆಲದ ಮೇಲೆ ಗಾಳಿ ಇಲ್ಲದಿರುವಾಗಲೂ ತಾರಸಿಯ ಮಟ್ಟದಲ್ಲಿ ಹರಿಯುವ ತೆಳು ಮೇಲ್ಗಾಳಿಯ ಬಗ್ಗೆ. ತೆಳು ಮೇಲ್ಗಾಳಿ ಎಂಬ ಹೆಸರು ಅವನದೇ.

ಅಲ್ಲಿಂದಲೇ ಬ್ಯಾಟರಿ ಇಳಿಯತೊಡಗಿತು. ಇದೇ ಅವನಿಗೆ ಹುಚ್ಚು ಹಿಡಿಸಿದ್ದು. ಮೇಲೆ ಸೂರ್ಯ ಇದ್ದಾನೆ, ಪಕ್ಕದಲ್ಲಿ ಗಾಳಿ ಇದೆ, ಎರಡು ಕಡೆಯಿಂದ ತುಂಬುತ್ತಿರುವ ಬ್ಯಾಟರಿ ಸಂಜೆ ಏಳಕ್ಕೆ ಕೀಂ ಎನ್ನುವುದೆಂದರೆ ಏನರ್ಥ? ಯಾರೋ ಬಳಸುತ್ತಿದ್ದಾರೆ. ಮನೆಯ ಹಿಂಭಾಗ, ಅಂದರೆ ಅಡಿಗೆಮನೆ ಮತ್ತು ಅತ್ತೆಯ ಕೋಣೆ, ಪೂರ್ತಿ ಅವನ ಕರೆಂಟಿನ ಮೇಲೆಯೇ ನಡೆಯುತ್ತಿತ್ತು. ಹೊರಗಿನ ಲೈನನ್ನು ಅವನೇ ಕಿತ್ತಿದ್ದ. ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದ: ಯಾವುದು, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ. ಇಸ್ತ್ರಿಪೆಟ್ಟಿಗೆ ನಿಂತಿತು, ಮಿಕ್ಸಿ ನಿಂತಿತು. ಹೆಂಡತಿ ಒಂದು ದಿನ ಪಟ್ಟಿಯ ಕೊನೆಗೆ ಪೆನ್ಸಿಲಿನಲ್ಲಿ ‘ಉಸಿರಾಟ: ಬೆಳಿಗ್ಗೆ ಆರರಿಂದ ಎಂಟು’ ಎಂದು ಬರೆದಳು. ಅದನ್ನೂ ಅವನು ರಬ್ಬರಿನಿಂದ ಅಳಿಸಿದ, ತಮಾಷೆ ಎಂದು ಗೊತ್ತಿದ್ದೂ. ಕೊನೆಗೆ ಉಳಿದದ್ದು ಅತ್ತೆಯ ಫ್ಯಾನು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಹಾಕಬಾರದು ಎಂದು ಅವನು ಹೇಳಲಿಲ್ಲ, ಪಟ್ಟಿಯಲ್ಲಿ ಬರೆದ. ಹೇಳುವುದಕ್ಕೂ ಬರೆಯುವುದಕ್ಕೂ ಇರುವ ವ್ಯತ್ಯಾಸದಲ್ಲಿ ಒಬ್ಬ ಮನುಷ್ಯ ಎಷ್ಟು ದಿನ ಬೇಕಾದರೂ ಅಡಗಿಕೊಂಡಿರಬಹುದು. ಅತ್ತೆ ಪಟ್ಟಿ ಓದಿ, ಫ್ಯಾನಿನ ಸ್ವಿಚ್ಚು ಆರಿಸಿ, ಒಂದು ಹಳೇ ಕ್ಯಾಲೆಂಡರಿನ ರಟ್ಟಿನಿಂದ ಬೀಸಿಕೊಳ್ಳುತ್ತ ಕಿಟಕಿಯ ಬಳಿ ಕೂತರು. ಕತ್ತಿನ ಬೆವರು ಕುಪ್ಪಸದೊಳಗೆ ಇಳಿಯುತ್ತಿದ್ದುದನ್ನು ಅವನು ಬಾಗಿಲ ಸಂದಿಯಿಂದ ಕಂಡಿದ್ದ.

ಆದರೂ ಬ್ಯಾಟರಿ ಇಳಿಯಿತು. ಹತ್ತು ದಿನದ ಹಿಂದೆ, ಸಂಜೆ, ಭಾವಮೈದನೂ ಬಂದಿದ್ದಾಗ, ಅವನು ನೇರ ಅತ್ತೆಯ ಕೋಣೆಗೆ ಹೋಗಿ, ಸ್ಟೂಲು ಎಳೆದು ಹತ್ತಿ, ನಿಂತಿದ್ದ ಫ್ಯಾನಿನ ನಡುವಿನ ಬಟ್ಟಲನ್ನು ಕೈಯಿಂದ ಮುಟ್ಟಿ ನೋಡಿದ. ಜ್ವರ ಬಂದವರ ಹಣೆ ಮುಟ್ಟಿದ ಹಾಗೆ. ಅದು ಬೆಚ್ಚಗಿತ್ತು. ಆ ಕೋಣೆಯಲ್ಲಿ ಎಲ್ಲವೂ ಬೆಚ್ಚಗಿತ್ತು, ಗೋಡೆ, ಕಿಟಕಿಯ ಸರಳು, ನೀರಿನ ಲೋಟ; ಇದು ಅವನಿಗೆ ಆಗಲೇ ಗೊತ್ತಿತ್ತು. ‘ಹಾಕಿದ್ರಾ?’ ಎಂದ. ‘ಇಲ್ಲ,’ ಎಂದರು ಅತ್ತೆ. ಅವನು ಸ್ಟೂಲಿನಿಂದ ಇಳಿದು, ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ, ಸಣ್ಣ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಷ್ಟು ಸಣ್ಣ ದನಿಯಲ್ಲಿ, ‘ಸುಳ್ಳು ಹೇಳೋ ವಯಸ್ಸಾ ಇದು’ ಎಂದ. ಭಾವಮೈದ ಆಗ ಯಾರ ದನಿಯನ್ನೂ ಅನುಕರಿಸಲಿಲ್ಲ. ತನ್ನದೇ ದನಿಯಲ್ಲಿ, ಅದನ್ನು ಅವನು ಎಲ್ಲಿ ಇಟ್ಟಿದ್ದನೋ, ‘ಅಮ್ಮ, ನಮ್ಮನೆಗೆ ಬಾ,’ ಎಂದ. ‘ಈ ಭಾನುವಾರ ಬೇಡ, ಮುಂದಿನ ಭಾನುವಾರ,’ ಎಂದರು ಅವರು. ಅಷ್ಟು ದಿನ ಯಾಕೆ ಇಟ್ಟುಕೊಂಡರೋ ಯಾರಿಗೂ ಹೊಳೆಯಲಿಲ್ಲ. ಮನೆಯಲ್ಲಿ ಎಲ್ಲರಿಗೂ ತಿಳಿದದ್ದು ಇಷ್ಟು: ಅವರು ಹೋಗುವುದು ನಾಲ್ಕು ದಿನಕ್ಕಲ್ಲ, ಮತ್ತು ಹೋದರೆ ಆ ಮಾತನ್ನು ಹೊತ್ತುಕೊಂಡೇ ಹೋಗುತ್ತಾರೆ.

‘ರೀ, ಕೆಳಗೆ ಬರ್ತೀರಾ? ಅಮ್ಮನ ಪೆಟ್ಟಿಗೆ ಎತ್ತಬೇಕು,’ ಹೆಂಡತಿ ಮೆಟ್ಟಿಲ ಬುಡದಿಂದ ಕೂಗಿದಳು.

‘ಬಂದೆ.’

‘ನಿಮ್ಮ ಬಂದೆ ಬೆಳಿಗ್ಗೆಯಿಂದ ಮೂರು ಸಲ ಬಂತು. ನೀವು ಬರ್ಲಿಲ್ಲ.’

ಅವನು ಹೋಗಲಿಲ್ಲ. ಪೆಟ್ಟಿಗೆ ಎತ್ತಿದರೆ ಕಳಿಸಿದವನು ತಾನೇ ಆಗುತ್ತೇನೆಂದು ಅನ್ನಿಸಿತು. ಎತ್ತದಿದ್ದರೆ ಎತ್ತಲೂ ಬರಲಿಲ್ಲ ಎಂದಾಗುತ್ತದೆ. ಬಟ್ಟೆ ಹಿಂಡಿದ, ಬಕೆಟ್ಟು ಸರಿಸಿದ. ಕಂಬದ ಹಿಂದೆ ಒಗೆದ ಬಟ್ಟೆಯ ಹಗ್ಗ ಕಟ್ಟಿತ್ತು. ಹೊರಡುವ ದಿನವೂ ಅತ್ತೆ ಬೆಳಿಗ್ಗೆಯೇ ತಮ್ಮ ಹಾಸಿಗೆಯದನ್ನೆಲ್ಲ ಒಗೆದು ಹಾಕಿದ್ದರು, ಯಾರಿಗೂ ಒಂದು ಕೊಳೆ ಬಿಟ್ಟು ಹೋಗಬಾರದೆಂಬ ಹಾಗೆ: ಎರಡು ಹೊದಿಕೆ, ಒಂದು ಟವಲು, ಎರಡು ದಿಂಬಿನ ಚೀಲ. ಅವನು ಅವುಗಳತ್ತ ನೋಡುತ್ತಿರಲಿಲ್ಲ, ಅವು ಅವನ ಕಣ್ಣೆದುರಿಗಿದ್ದವು, ಅಷ್ಟೇ. ಹೊದಿಕೆಗಳು ಹಲಗೆಯ ಹಾಗೆ ನೆಟ್ಟಗೆ ಇಳಿಬಿದ್ದಿದ್ದವು. ಟವಲು ಸತ್ತಂತಿತ್ತು. ತುದಿಯ ಒಂದು ದಿಂಬಿನ ಚೀಲ ಮಾತ್ರ ಪಟಪಟ ಹೊಡೆದುಕೊಳ್ಳುತ್ತಿತ್ತು.

ಒಂದೇ ಹಗ್ಗ. ಇದು ಸ್ಪಷ್ಟವೋ, ಇದಕ್ಕಿಂತ ಇದು ಸ್ಪಷ್ಟವೋ. ಅವನು ಹೋಗಿ ಆ ಚೀಲದ ಪಕ್ಕ ನಿಂತ. ಮುಖಕ್ಕೆ ತಂಪಾಗಿ ಗಾಳಿ ಬಡಿಯಿತು. ಒಂದು ಹೆಜ್ಜೆ ಎಡಕ್ಕೆ ಇಟ್ಟ, ಇಲ್ಲ. ಬಲಕ್ಕೆ ಇಟ್ಟ, ಇಲ್ಲ. ಮತ್ತೆ ನಡುವಿಗೆ ಬಂದ, ಗಾಳಿ. ಗಾಳಿಯಂತ್ರದ ನೇರ ಹಿಂದೆ, ಅದರ ರೆಕ್ಕೆಯಷ್ಟೇ ಅಗಲದ ಜಾಗದಲ್ಲಿ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಗಾಳಿ ಇತ್ತು. ತೆಳು ಮೇಲ್ಗಾಳಿ, ಎಂದುಕೊಂಡ ಅವನು, ನಂಬಿಕೆಯಿಲ್ಲದೆ. ಕಂಬದ ಬುಡಕ್ಕೆ ಬಂದು, ಬ್ಯಾಟರಿಯ ಕಡೆಯ ಸ್ವಿಚ್ಚನ್ನು ಕೆಳಕ್ಕೆ ಒತ್ತಿದ. ರೆಕ್ಕೆಗಳು ನಿಧಾನವಾದವು, ಒಂದೊಂದೇ ಆಗಿ ಎಣಿಸಲು ಸಿಕ್ಕವು, ನಿಂತವು. ಮೀಟರಿನಲ್ಲಿ ಸೊನ್ನೆ. ದಿಂಬಿನ ಚೀಲ ಇಳಿಬಿತ್ತು. ಸ್ವಿಚ್ಚು ಮೇಲಕ್ಕೆ ಎತ್ತಿದ. ರೆಕ್ಕೆಗಳು ಒಮ್ಮೆ ನಡುಗಿ, ಹೊರಟವು.

ಗಾಳಿ ಯಂತ್ರವನ್ನು ತಿರುಗಿಸುತ್ತಿರಲಿಲ್ಲ. ಬ್ಯಾಟರಿ ತಿರುಗಿಸುತ್ತಿತ್ತು. ಯಂತ್ರದಿಂದ ಬ್ಯಾಟರಿಗೆ ಕರೆಂಟು ಹೋಗಬಹುದು, ವಾಪಸ್ ಬರಕೂಡದು, ಅದಕ್ಕೆಂದೇ ನಡುವೆ ಡಯೋಡ್ ಎಂಬ ಒಂದು ಸಣ್ಣ ಬಿಡಿಭಾಗ, ಒಂದೇ ಕಡೆ ತೆರೆಯುವ ಬಾಗಿಲಿನ ಹಾಗೆ. ಅದನ್ನು ಅವನೇ ಹಾಕಿದ್ದ. ಬೆಸುಗೆ ಹಾಕುವಾಗ ಅತಿಯಾಗಿ ಕಾಯಿಸಿ ಸುಟ್ಟಿರಬೇಕು, ಬಾಗಿಲು ಎರಡೂ ಕಡೆಗೆ ತೆರೆದುಕೊಂಡಿರಬೇಕು. ಮೀಟರು ಎಷ್ಟು ಹರಿಯುತ್ತಿದೆ ಎಂದು ಹೇಳುತ್ತಿತ್ತೇ ಹೊರತು ಬರುತ್ತಿದೆಯೋ ಹೋಗುತ್ತಿದೆಯೋ ಎಂದು ಹೇಳುತ್ತಿರಲಿಲ್ಲ. ಹೋಗುತ್ತಿದ್ದ ಐದೂವರೆಯನ್ನು ಅವನು ಬರುತ್ತಿದ್ದ ಐದೂವರೆ ಎಂದು ಇಷ್ಟು ದಿನ ಓದಿದ್ದ. ಸಿಹಿ ಹಂಚಿದ್ದ. ಅಂದರೆ ಅವನು ಮಾಡಿ ನಿಲ್ಲಿಸಿದ್ದು ಒಂದು ಫ್ಯಾನು. ಆಕಾಶಕ್ಕೊಂದು ಫ್ಯಾನು, ಹಗಲೂ ಇರುಳೂ, ಪಾರಿವಾಳಗಳಿಗೆ ತಂಪಾಗಲೆಂದು. ಅದರ ನೇರ ಕೆಳಗಿನ ಕೋಣೆಯಲ್ಲಿ ಒಬ್ಬ ಮುದುಕಿ ರಟ್ಟಿನಿಂದ ಬೀಸಿಕೊಳ್ಳುತ್ತಿದ್ದರು.

ಕೆಳಗೆ ಕರೆಗಂಟೆ ಸದ್ದಾಯಿತು. ಬ್ಯಾಟರಿಯನ್ನು ಈಗಲೇ ಕಳಚಿ, ಇವತ್ತು ಯಂತ್ರ ಕೆಟ್ಟಿದೆ ಎಂದರಾಯಿತು ಎಂದುಕೊಂಡ. ಕಂಬದ ಬುಡದಲ್ಲಿ ಡಯೋಡ್ ಇದ್ದ ಡಬ್ಬಿ ಬಿಚ್ಚಲು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದು. ಮುಂದೆ ಕೂಟದ ಅಧ್ಯಕ್ಷರು, ಒಂದು ಕಾಲದಲ್ಲಿ ಲಿಫ್ಟು ರಿಪೇರಿ ಮಾಡುತ್ತಿದ್ದವರು, ಎಲ್ಲರೂ ಅವರನ್ನು ಲಿಫ್ಟಪ್ಪ ಎನ್ನುತ್ತಾರೆ. ಯಾರನ್ನಾದರೂ ಮಾತಿನಲ್ಲೇ ಮೇಲಕ್ಕೆ ಒಯ್ಯಬಲ್ಲರು, ಕೆಳಕ್ಕೂ ಇಳಿಸಬಲ್ಲರು, ಮನಸ್ಸಾದರೆ ನಡುವೆ ನಿಲ್ಲಿಸಿ ದೀಪ ಆರಿಸಲೂ ಬಲ್ಲರು. ಹಿಂದೆ ನೋಟ್‌ಬುಕ್ ಹಿಡಿದ ಹಲ್ಲಿನ ಡಾಕ್ಟರು, ಅವರ ಮನೆಯ ಯಂತ್ರ ಹೋದ ವರ್ಷ ಪಕ್ಕದ ಮನೆಯ ತಾರಸಿಗೆ ಹಾರಿತ್ತು.

‘ತಿರುಗ್ತಿದೆ,’ ಎಂದರು ಲಿಫ್ಟಪ್ಪ, ಏದುಸಿರಿನಲ್ಲಿ. ‘ಕೆಳಗೆ ಒಂದು ಎಲೆ ಅಲ್ಲಾಡ್ತಿಲ್ಲ. ಇಲ್ಲಿ ತಿರುಗ್ತಿದೆ.’

‘ಐದೂವರೆ,’ ಎಂದರು ಡಾಕ್ಟರು, ಮೀಟರಿಗೆ ಮೂಗು ತಾಗುವ ಹಾಗೆ ಬಗ್ಗಿ. ಬರೆದುಕೊಂಡರು.

‘ಅದೂ ಈ ಬಿಸಿಲಲ್ಲಿ. ನೋಡಿ, ನೀವು ಮೇಲ್ಗಾಳಿ ಅಂತ ಬರೆದ್ರಲ್ಲ, ಅದು ಪೂರ್ತಿ ಸರಿ ಇಲ್ಲ. ನಾನು ಹೇಳ್ತೀನಿ ಕೇಳಿ. ಕಟ್ಟಡ ಕಾಯುತ್ತೆ, ಗೋಡೆಗುಂಟ ಬಿಸಿ ಗಾಳಿ ಏರುತ್ತೆ, ಅದು ಇದನ್ನ ತಿರುಗಿಸುತ್ತೆ. ಲಿಫ್ಟಿನ ಗುಂಡೀಲಿ ನಲವತ್ತು ವರ್ಷ ನೋಡಿದೀನಿ. ಆದ್ರೆ ಕಂಡುಹಿಡಿದೋರು ನೀವು. ವಾರ್ಷಿಕ ಸಭೇಲಿ ಇದೇ ಮಾದರಿ ಇಡೋಣ ಅಂತ ಇದೀವಿ. ಒಂದು ಮಾತು ಹೇಳಿ, ಸಾಕು.’

ಅವನಿಗೆ ದಾರಿ ಇಷ್ಟು ಸುಲಭವಾಗಿ ಎಂದೂ ಸಿಕ್ಕಿರಲಿಲ್ಲ. ಹೌದು ಎಂದರೆ ಆಯಿತು. ನಾಳೆ ಡಯೋಡ್ ಬದಲಿಸಿ, ಯಂತ್ರ ನಿಂತರೆ ಋತು ಬದಲಾಯಿತು ಎಂದರೆ ಆಯಿತು. ಆದರೆ ಆ ಹೊತ್ತಿಗೆ ಅತ್ತೆ ಮೇಲೆ ಬಂದರು. ಹೊರಡುವ ಬಟ್ಟೆ ಉಟ್ಟಿದ್ದರು, ತಲೆ ಬಾಚಿದ್ದರು. ಬಂದವರಿಗೆ ಕೈ ಮುಗಿದು, ಹಗ್ಗದ ಕಡೆಗೆ ಹೋಗಿ, ಹೊದಿಕೆ ಮಡಚತೊಡಗಿದರು. ಹಿಂದೆಯೇ ಭಾವಮೈದ, ಗಾಡಿಯ ಕೀಲಿ ಬೆರಳಲ್ಲಿ ತಿರುಗಿಸುತ್ತ. ಅವನ ಹಿಂದೆ ಹೆಂಡತಿ.

‘ಅಮ್ಮ, ಅದನ್ನ ಅಕ್ಕ ತೆಗೀತಾಳೆ, ಬಾ. ಎಲ್ಲ ಗಾಡೀಲಿಟ್ಟಿದೀನಿ.’

‘ಎರಡು ನಿಮಿಷ.’

ಅತ್ತೆ ತುದಿಗೆ ಬಂದರು. ಪಟಪಟ ಹೊಡೆದುಕೊಳ್ಳುತ್ತಿದ್ದ ದಿಂಬಿನ ಚೀಲಕ್ಕೆ ಕೈ ಹಾಕಿದರು, ಅವರ ಹಣೆಯ ಬಿಳಿ ಕೂದಲು ಹಿಂದಕ್ಕೆ ಹಾರಿತು. ಅಲ್ಲೇ ಒಂದು ಕ್ಷಣ ನಿಂತರು, ಕಣ್ಣು ಅರೆ ಮುಚ್ಚಿ. ರಟ್ಟಿನಿಂದ ಬೀಸಿಕೊಂಡ ಎರಡು ವಾರದ ಮಧ್ಯಾಹ್ನಗಳ ನಂತರ ಅವರಿಗೊಂದು ಫ್ಯಾನು ಸಿಕ್ಕಿತ್ತು. ಅವನು ಅದನ್ನು ಕಂಡ. ಕಂಡದ್ದರಿಂದ ತಾನು ಒಳ್ಳೆಯವನಾದೆ ಎಂದೇನೂ ಅವನಿಗೆ ಅನ್ನಿಸಲಿಲ್ಲ. ಹಲ್ಲಿನಲ್ಲಿ ಸಿಕ್ಕಿಕೊಂಡ ನಾರು ನಾಲಗೆಗೆ ತಗಲುವ ಹಾಗೆ ಆ ಮಾತು, ಸುಳ್ಳು ಹೇಳೋ ವಯಸ್ಸಾ ಇದು, ತಗಲುತ್ತಲೇ ಇತ್ತು, ಅದಿನ್ನು ತಡೆಯಲಾಗಲಿಲ್ಲ, ಅಷ್ಟೇ. ಕೈ ತಾನಾಗಿ ಸ್ವಿಚ್ಚಿಗೆ ಹೋಯಿತು.

ಯಂತ್ರ ನಿಂತಿತು.

‘ಯಾಕೆ ಆಫ್ ಮಾಡಿದ್ರಿ?’ ಎಂದರು ಡಾಕ್ಟರು, ಬರೆಯುತ್ತಿದ್ದ ಕೈ ನಿಲ್ಲಿಸಿ.

‘ನಾನು ಆಫ್ ಮಾಡಿದ್ದು ಬ್ಯಾಟರೀನ. ಯಂತ್ರ ಅಲ್ಲ,’ ಎಂದ ಅವನು. ದನಿ ಎಲ್ಲಿಂದಲೋ ಬಂದಂತಿತ್ತು. ‘ಇದು ಗಾಳಿಯಂತ್ರ ಅಲ್ಲ. ಫ್ಯಾನು. ಬ್ಯಾಟರಿಯಿಂದ ತಿರುಗ್ತಾ ಇತ್ತು. ಮೇಲ್ಗಾಳಿ ಇಲ್ಲ, ಬಿಸಿ ಗಾಳೀನೂ ಇಲ್ಲ. ಡಯೋಡ್ ಸುಟ್ಟಿದೀನಿ, ನನ್ನ ಕೈಕೆಲಸ. ನನಗೂ ಗೊತ್ತಾಗಿದ್ದು ಈಗ, ಹತ್ತು ನಿಮಿಷದ ಹಿಂದೆ.’ ಲಿಫ್ಟಪ್ಪನವರ ಬಾಯಿ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿತು. ಅವನು ಅವರ ಕಡೆ ನೋಡಲಿಲ್ಲ, ಹಗ್ಗದ ಕಡೆ ತಿರುಗಿದ. ‘ಅತ್ತೆ. ಬ್ಯಾಟರಿ ಖಾಲಿ ಮಾಡಿದ್ದು ಇದು. ನೀವಲ್ಲ. ನಿಮ್ಮ ಫ್ಯಾನು ಮುಟ್ಟಿ ನೋಡಿದೆ, ಇವನ ಎದುರಿಗೇ ಸುಳ್ಳು ಅಂದೆ. ಅದಕ್ಕೇ ಇವರೆಲ್ಲರ ಎದುರಿಗೇ ಹೇಳ್ತಿದೀನಿ. ತಪ್ಪು ನಂದು.’

ಅತ್ತೆ ದಿಂಬಿನ ಚೀಲವನ್ನು ಮಡಚಿದರು, ಮತ್ತೆ ಬಿಚ್ಚಿದರು, ಮತ್ತೆ ಮಡಚಿದರು.

‘ಡಯೋಡ್ ಸುಟ್ಟಿಲ್ಲ,’ ಎಂದರು.

‘ಸುಟ್ಟಿದೆ ಅತ್ತೆ. ಇಲ್ಲಾಂದ್ರೆ ವಾಪಸ್ ಹರಿಯೋಕೆ ಆಗಲ್ಲ.’

‘ಸುಟ್ಟಿಲ್ಲ. ಅದೊಂದನ್ನ ನೀವು ಚೆನ್ನಾಗೇ ಹಾಕಿದೀರ. ಅದರ ಮೇಲೆ ನಾನು ಒಂದು ತಂತಿ ಸೇರಿಸಿದೀನಿ, ಈ ಕಡೆಯಿಂದ ಆ ಕಡೆಗೆ, ಕರೆಂಟು ಅದನ್ನ ಬಳಸಿಕೊಂಡು ದಾಟೋ ಹಾಗೆ.’

ಭಾವಮೈದನ ಬೆರಳಲ್ಲಿ ಕೀಲಿ ನಿಂತಿತು. ‘ಅಮ್ಮ?’

‘ಏನು ಅಮ್ಮ? ಮೂರು ವಾರ ಇವರು ತಟ್ಟೆ ಹಿಡಿದು ಇದರ ಮುಂದೆ ಕೂತಿದ್ರು, ಹಸುಗೂಸಿನ ತೊಟ್ಟಿಲ ಮುಂದೆ ಕೂತ ಹಾಗೆ. ನೋಡೋಕಾಗ್ಲಿಲ್ಲ. ಒಂದು ಮಧ್ಯಾಹ್ನ ತಿರುಗಲಿ, ಇವರು ಬಂದು ನೋಡಲಿ, ಡಬ್ಬಿ ಬಿಚ್ಚಿ, ಯಾವ ಕತ್ತೆ ಮಾಡಿದ್ದು ಇದು ಅಂತ ಕೂಗಲಿ, ಎಲ್ಲರೂ ನಗೋಣ ಅಂತ ಮಾಡಿದೆ. ನಿಮ್ಮಪ್ಪನ ಅಂಗಡೀಲಿ ಹೊಸ ಹುಡುಗರಿಗೆ ಹೀಗೇ ಮಾಡ್ತಿದ್ವಿ.’ ಅವರು ಅಳಿಯನತ್ತ ತಿರುಗಿದರು. ‘ನೀವು ಡಬ್ಬಿ ಬಿಚ್ಚಲಿಲ್ಲ. ಸಿಹಿ ತಂದ್ರಿ. ಸಿಹಿ ಕೈಲಿಟ್ಟುಕೊಂಡು ಹೇಗೆ ಹೇಳಲಿ? ನಾಳೆ ಬಿಚ್ಚುತಾರೆ ಅಂದುಕೊಂಡೆ. ನಾಳೆ ನೀವು ಪೇಪರಿಗೆ ಬರೆದ್ರಿ. ನಾಡಿದ್ದು ನನ್ನ ಫ್ಯಾನು ನಿಲ್ಲಿಸಿದ್ರಿ. ತೆಗೆದುಬಿಡೋಣ ಅಂತ ಒಂದು ದಿನ ಮೇಲೆ ಬಂದೆ, ನೀವು ಇಲ್ಲೇ ಕೂತಿದ್ರಿ, ಇಳಿದೆ. ಅವತ್ತೇ ಸಂಜೆ ನೀವು ಸ್ಟೂಲು ಹತ್ತಿದ್ರಿ. ಆಮೇಲೆ ತೆಗೀಬೇಕು ಅನ್ನಿಸ್ಲಿಲ್ಲ. ಹತ್ತು ದಿನ ಕೊಟ್ಟೆ. ಅಷ್ಟರಲ್ಲಿ ಕಂಡುಹಿಡೀತಾರೆ, ಹಿಡೀದೆ ಇದ್ರೆ ಹೋಗೋದೇ ಅಂತ.’

‘ಹತ್ತು ದಿನ ಬೆವರು ಸುರಿಸ್ಕೊಂಡು,’ ಎಂದಳು ಹೆಂಡತಿ. ಬೈದಳೋ ಏನೋ ತಿಳಿಯಲಿಲ್ಲ, ಇಬ್ಬರಲ್ಲಿ ಯಾರನ್ನು ಬೈದಳೆಂಬುದೂ.

‘ಹೂಂ. ಇವರೂ ಸುರಿಸಿದ್ರು, ಮೇಲೂ ಕೆಳಗೂ ಹತ್ತಿ ಇಳಿದು.’

ಅವನು ಸ್ಕ್ರೂಡ್ರೈವರ್ ಹಿಡಿದು ನಿಂತೇ ಇದ್ದ. ಕೋಪ ಬರಬೇಕಿತ್ತು, ಬರುತ್ತದೆಂದು ಕಾದ. ವಾರಗಟ್ಟಲೆ ಇಷ್ಟು ಧಾರಾಳವಾಗಿ ಬಂದದ್ದು ಈಗ, ನ್ಯಾಯವಾಗಿ ಬರಬೇಕಾದಾಗ, ಬರಲಿಲ್ಲ. ಅತ್ತೆ ಸುಳ್ಳು ಹೇಳಿರಲಿಲ್ಲ, ಹಾಕಿದ್ರಾ ಎಂದರೆ ಇಲ್ಲ ಎಂದಿದ್ದರು, ಅಷ್ಟೇ. ಫ್ಯಾನು ಹಾಕಿರಲೂ ಇಲ್ಲ. ಆದರೆ ಕರೆಂಟು ಹೋದದ್ದೂ ಅವರಿಂದಲೇ. ಅವನು ಹೇಳಿದ್ದು ತಪ್ಪು, ಅವನಿಗೆ ಅನ್ನಿಸಿದ್ದು ಸರಿ, ಅವನು ಕ್ಷಮೆ ಕೇಳಿದ್ದು ಸರಿ, ಕೇಳಿದ ಕಾರಣ ತಪ್ಪು. ಇದರಲ್ಲಿ ಯಾವುದು ಬರುತ್ತಿದೆ, ಯಾವುದು ಹೋಗುತ್ತಿದೆ ಎಂದು ಹೇಳುವ ಮೀಟರನ್ನು ಇನ್ನೂ ಯಾರೂ ಮಾಡಿಲ್ಲ.

ಭಾವಮೈದ ಗಂಟಲು ಸರಿಮಾಡಿಕೊಂಡ. ಈಗೊಂದು ಪ್ರಕಟಣೆ ಬರುತ್ತದೆಂದು ಎಲ್ಲರಿಗೂ ಅನ್ನಿಸಿತು, ಬರಲಿಲ್ಲ. ‘ಅಮ್ಮ,’ ಎಂದ, ಮೆಲ್ಲಗೆ. ‘ಹೊರಡೋದಾ? ಇಲ್ಲ ಪೆಟ್ಟಿಗೆ ಇಳಿಸ್ಲಾ?’

ಅತ್ತೆ ಮಡಚಿದ ಬಟ್ಟೆಯ ಗಂಟನ್ನು ಮಗಳ ಕೈಗೆ ಕೊಟ್ಟರು. ಕಂಬದ ಬುಡಕ್ಕೆ ಹೋಗಿ, ಮಂಡಿ ಹಿಡಿದುಕೊಂಡು, ಮೆಲ್ಲಗೆ ಕೂತರು. ‘ಅದೆಲ್ಲ ಆಮೇಲೆ,’ ಎಂದರು. ‘ಮೊದಲು ಈ ತಂತಿ ತೆಗೀಬೇಕು. ಇವರಿಗೆ ಬಿಟ್ಟರೆ ನಂದು ಬಿಟ್ಟು ಇನ್ನೇನೋ ಕೀಳ್ತಾರೆ, ಆಮೇಲೆ ನಾನು ಅಲ್ಲಿಂದ ವಾಪಸ್ ಬರಬೇಕು.’ ತಲೆ ಎತ್ತದೆ ಕೈ ಚಾಚಿದರು. ‘ಕೊಡಿ ಅಳಿಯಂದ್ರೇ, ಆ ಸ್ಕ್ರೂಡ್ರೈವರ್. ಹಾಗೆ ಹಿಡ್ಕೊಂಡು ನಿಂತರೆ ಅದಕ್ಕೇನು ಗಾಳಿ ಬರುತ್ತಾ?’

ಮೊದಲು ನಕ್ಕವರು ಹಲ್ಲಿನ ಡಾಕ್ಟರು, ನೋಟ್‌ಬುಕ್ಕಿನಿಂದ ಬಾಯಿ ಮುಚ್ಚಿಕೊಂಡು. ಆಮೇಲೆ ಹೆಂಡತಿ, ಬಟ್ಟೆಯ ಗಂಟಿಗೆ ಮುಖ ಒತ್ತಿ. ಆಮೇಲೆ ಭಾವಮೈದ, ಅವನದೇ ಎಂದು ಯಾರಿಗೂ ಗುರುತು ಸಿಗದ ಒಂದು ಒರಟು ನಗು. ಲಿಫ್ಟಪ್ಪನವರು ತಮ್ಮ ಬಿಸಿ ಗಾಳಿಯನ್ನು ನೆನೆದು, ಕೊನೆಗೂ ನೆಲಮಹಡಿಗೆ ಬಂದು ತಲುಪಿದವರ ಹಾಗೆ ನಕ್ಕರು. ಇವೆಲ್ಲವನ್ನೂ ಮೀರಿ ನಗುತ್ತಿದ್ದವನು ಅವನು. ಕಟಾಂಜನ ಹಿಡಿದು, ಬಗ್ಗಿ, ಕಣ್ಣಲ್ಲಿ ನೀರು ಬರುವ ಹಾಗೆ, ಬೇಕರಿಯ ಮುಂದೆ ನಿಂತವರು ತಲೆ ಎತ್ತಿ ನೋಡುವ ಹಾಗೆ ನಗುತ್ತಿದ್ದ. ಉಳಿದವರು ನಿಲ್ಲಿಸಿಬಿಟ್ಟರೆ ತನ್ನದೊಂದೇ ದನಿ ಬೇರೆ ಏನಾಗಿ ಕೇಳಿಸೀತೋ ಎಂದು ಹೆದರಿ, ಇನ್ನೂ ಜೋರಾಗಿ.